ಬಿಸಿಲಿನಲ್ಲಿ ದುಡಿದವರ ಚರಿತ್ರೆ



ಇತಿಹಾಸವೆಂದರೆ ಕಿರೀಟ ಧರಿಸಿದವರ ಕಥೆ ಎಂಬ ಭಾವನೆ ನಮ್ಮ ಮಕ್ಕಳಲ್ಲಿ ಬಹಳ ಕಾಲದಿಂದ ಬೇರೂರಿದೆ. ಪಠ್ಯಪುಸ್ತಕಗಳೂ ಅದಕ್ಕೆ ತಕ್ಕಂತೆಯೇ ಇರುತ್ತವೆ. ಈ ಸಲ ಕಿರೀಟಗಳನ್ನು ಬದಿಗಿಟ್ಟು, ತಲೆಗೆ ಟವೆಲು ಸುತ್ತಿಕೊಂಡು ಬಿಸಿಲಿನಲ್ಲಿ ದುಡಿಯುವವರ ಕಥೆಯನ್ನು ಹೇಳಬೇಕೆಂದು ಮನಸ್ಸಾಗಿದೆ. ಸೂರ್ಯನ ಬೆಳಕು ಚರ್ಮಕ್ಕೆ ಏನು ಮಾಡುತ್ತದೆ, ಅದರಿಂದ ಕ್ಯಾನ್ಸರ್ ಉಂಟಾಗಬಹುದೆಂದು ಮನುಷ್ಯನಿಗೆ ಹೇಗೆ ತಿಳಿಯಿತು, ತಿಳಿದ ಮೇಲೆ ರಕ್ಷಣೆ ಯಾರಿಗೆ ದೊರೆಯಿತು, ಯಾರಿಗೆ ತಡವಾಯಿತು ಎಂಬುದು ಸುಮಾರು ಇನ್ನೂರು ವರ್ಷಗಳ ಚರಿತ್ರೆ. ನಿಮ್ಮಲ್ಲಿ ಕೆಲವರು ಇಂದು ಎಂಜಿನಿಯರುಗಳು, ಕೆಲವರು ಗುತ್ತಿಗೆದಾರರು, ಕೆಲವರು ತೋಟದ ಯಜಮಾನರು, ಇನ್ನು ಕೆಲವರು ಸ್ವತಃ ಬಿಸಿಲಿನಲ್ಲಿಯೇ ದುಡಿಯುವವರು. ಆದುದರಿಂದ ಈ ಪಾಠ ನಿಮಗೆ ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಮೊದಲು ಒಂದು ಚಿಕ್ಕ ಪ್ರಯೋಗದಿಂದ ಆರಂಭಿಸೋಣ. ಲಂಡನ್ನಿನ ಶಸ್ತ್ರವೈದ್ಯ ಎವರಾರ್ಡ್ ಹೋಮ್ ಎಂಬುವರು 1820ರ ಸುಮಾರಿಗೆ ತಮ್ಮ ಎರಡೂ ಕೈಗಳನ್ನು ಬಿಸಿಲಿಗೆ ಒಡ್ಡಿದರು. ಒಂದು ಕೈ ಬರಿದಾಗಿತ್ತು. ಇನ್ನೊಂದಕ್ಕೆ ಕಪ್ಪು ಬಟ್ಟೆ ಹೊದಿಸಿ, ಅದರ ಕೆಳಗೆ ಉಷ್ಣಮಾಪಕವನ್ನಿಟ್ಟಿದ್ದರು. ಕಪ್ಪು ಬಟ್ಟೆಯ ಕೆಳಗೆ ಶಾಖ ಹೆಚ್ಚಾಗಿತ್ತು. ಆದರೆ ಕೆಂಪಾಗಿ ಉರಿದದ್ದು ಮಾತ್ರ ಬರಿಗೈ. ಹಾಗಾದರೆ ಚರ್ಮವನ್ನು ಸುಡುವುದು ಬಿಸಿಲಿನ ಶಾಖವಲ್ಲ, ಬೆಳಕಿನಲ್ಲಿರುವ ಬೇರೇನೋ ಎಂದಾಯಿತು. ಕಪ್ಪು ವರ್ಣದ ಚರ್ಮವು ಬಿಸಿಲಿನಿಂದ ಒಡೆಯನನ್ನು ಕಾಯುವ ಹೊದಿಕೆಯೆಂದು ಅವರು 1821ರಲ್ಲಿ ಪ್ರಕಟಿಸಿದರು. ಕಪ್ಪು ಬಣ್ಣವನ್ನು ಕೀಳೆಂದು ಎಣಿಸುತ್ತಿದ್ದ ಕಾಲದಲ್ಲಿ ಬಂದ ಮಾತಿದು ಎಂಬುದನ್ನು ಗಮನಿಸಬೇಕು.

ಆ 'ಬೇರೇನೋ' ಏನೆಂಬುದರ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. 1801ರಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿ ಯೋಹಾನ್ ರಿಟರ್ ಎಂಬ ವಿಜ್ಞಾನಿ ಕಾಮನಬಿಲ್ಲಿನ ಬಣ್ಣಗಳಲ್ಲಿ ನೇರಳೆಯ ಆಚೆಗೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಬೆಳ್ಳಿಯ ಲವಣವು ಬೇಗನೆ ಕಪ್ಪಾಗುವುದನ್ನು ಕಂಡಿದ್ದರು. ಅವೇ ನಾವು ಇಂದು ನೇರಳಾತೀತ ಕಿರಣಗಳೆಂದು ಕರೆಯುವ ಕಿರಣಗಳು. ಚರ್ಮವನ್ನು ಸುಡುವುದು ಈ ಕಿರಣಗಳೇ ಎಂದು 1889ರಲ್ಲಿ ಸ್ವೀಡನ್ನಿನ ನೇತ್ರವೈದ್ಯ ಎರಿಕ್ ವಿಡ್ಮಾರ್ಕ್ ಪ್ರಯೋಗಗಳಿಂದ ತೋರಿಸಿಕೊಟ್ಟರು. ಕಣ್ಣಿಗೆ ಕಾಣದ, ಮೈಗೆ ಬಿಸಿಯೆನಿಸದ ಕಿರಣಗಳು ಇವು. ಮೋಡ ಮುಸುಕಿದ ತಂಪು ದಿನದಲ್ಲಿಯೂ ಇವುಗಳಲ್ಲಿ ಒಂದು ಪಾಲು ನೆಲಕ್ಕೆ ಇಳಿದೇ ಇಳಿಯುತ್ತದೆ.

ಇನ್ನು ಕ್ಯಾನ್ಸರಿನ ವಿಷಯಕ್ಕೆ ಬರೋಣ. ಒಂದು ಉದ್ಯೋಗಕ್ಕೂ ಒಂದು ಕ್ಯಾನ್ಸರಿಗೂ ಸಂಬಂಧವಿದೆಯೆಂದು ಲಂಡನ್ನಿನ ಪರ್ಸಿವಲ್ ಪಾಟ್ 1775ರಲ್ಲಿಯೇ ತೋರಿಸಿದ್ದರು. ಹೊಗೆಗೂಡು ಒರೆಸುವ ಹುಡುಗರಿಗೆ ಮಸಿಯಿಂದ ಬರುತ್ತಿದ್ದ ಹುಣ್ಣನ್ನು ಕುರಿತು ಅವರು ಬರೆದರು. ಮಸಿ ಕಣ್ಣಿಗೆ ಕಾಣುವ ವಸ್ತು. ಬಿಸಿಲನ್ನು ಆರೋಪಿಯಾಗಿ ನಿಲ್ಲಿಸಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 1894ರಲ್ಲಿ ಹ್ಯಾಂಬರ್ಗ್ ಬಂದರಿನ ಚರ್ಮವೈದ್ಯ ಪೌಲ್ ಗೆರ್ಸನ್ ಉನ್ನಾ ಅವರು ಹಡಗಿನ ನಾವಿಕರ ಮುಖ, ಕತ್ತು, ಕೈಗಳ ಮೇಲಿನ ಒರಟು ಕಲೆಗಳನ್ನು ಪರೀಕ್ಷಿಸಿ, ಅವುಗಳಿಂದ ಕ್ಯಾನ್ಸರ್ ಬೆಳೆಯುವುದನ್ನು ದಾಖಲಿಸಿದರು. ಅದಕ್ಕೆ ಅವರು ಕೊಟ್ಟ ಹೆಸರೇ 'ನಾವಿಕರ ಚರ್ಮ'.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ವಿಲಿಯಂ ದ್ಯೂಬ್ರೈ ಎಂಬ ವೈದ್ಯರು ಇನ್ನೊಂದನ್ನು ಗಮನಿಸಿದರು. ಅಡಿಕೆ ಬೆಳೆಗಾರರಾದ ನಮ್ಮ ಬಂಧುಗಳಿಗೆ ಬೋರ್ಡೋ ಎಂಬ ಹೆಸರು ಹೊಸದಲ್ಲ. ಕೊಳೆರೋಗಕ್ಕೆ ನೀವು ಸಿಂಪಡಿಸುವ ದ್ರಾವಣಕ್ಕೆ ಆ ಊರಿನದೇ ಹೆಸರು. ಅಲ್ಲಿಯ ದ್ರಾಕ್ಷಿತೋಟಗಳಲ್ಲಿ ದುಡಿಯುವ ಹಳ್ಳಿಗರ ಚರ್ಮದಲ್ಲಿ ಕ್ಯಾನ್ಸರಿಗೆ ಮುಂಚಿನ ಒರಟು ಕಲೆಗಳೂ ಕ್ಯಾನ್ಸರೂ ಕಾಣಿಸಿಕೊಳ್ಳುತ್ತಿದ್ದಷ್ಟು ನಗರದೊಳಗಿನವರಲ್ಲಿ ಕಾಣುತ್ತಿರಲಿಲ್ಲ. ಒಂದೇ ಊರು, ಒಂದೇ ಜನಾಂಗ. ಒಬ್ಬರು ಬಿಸಿಲಿನಲ್ಲಿ, ಇನ್ನೊಬ್ಬರು ನೆರಳಿನಲ್ಲಿ. 1896ರಲ್ಲಿ ಆರಂಭಿಸಿದ ಈ ವಿಚಾರವನ್ನು ಅವರು 1907ರಲ್ಲಿ ವಿಸ್ತರಿಸಿ ಬರೆದರು. ಹೀಗೆ ಸೂರ್ಯನ ಬೆಳಕಿನಿಂದ ಕ್ಯಾನ್ಸರ್ ಬರುವುದೆಂಬ ತಿಳಿವಳಿಕೆಯನ್ನು ಜಗತ್ತಿಗೆ ಕೊಟ್ಟದ್ದು ನಾವಿಕರ ಮತ್ತು ತೋಟದಾಳುಗಳ ಮೈ.

ಹಾಗಾದರೆ ರಕ್ಷಣೆ ಮೊದಲು ಅವರಿಗೇ ದೊರೆತಿರಬೇಕಲ್ಲವೇ? ಚರಿತ್ರೆ ಹಾಗೆ ನಡೆಯಲಿಲ್ಲ.

ಆ ಕಾಲದಲ್ಲಿ ಬಿಸಿಲಿಗೆ ಅತಿಯಾಗಿ ಹೆದರಿದ್ದವರು ನಮ್ಮ ದೇಶವನ್ನಾಳುತ್ತಿದ್ದ ಬ್ರಿಟಿಷರು. ಉಷ್ಣದೇಶದ ಸೂರ್ಯಕಿರಣವು ಬಿಳಿಯರ ತಲೆಬುರುಡೆಯನ್ನೂ ಬೆನ್ನುಹುರಿಯನ್ನೂ ಹೊಕ್ಕು ಬುದ್ಧಿಯನ್ನೇ ಕೆಡಿಸುತ್ತದೆಂದು ಅವರ ವೈದ್ಯರು ನಂಬಿದ್ದರು. ಆದಕಾರಣ ತಲೆಗೆ ಸೋಲಾ ಟೋಪಿ, ಬೆನ್ನಿಗೆ ಹತ್ತಿ ತುಂಬಿದ ಪಟ್ಟಿ. ಹಳೆಯ ಅಧಿಕಾರಿಗಳ ಛಾಯಾಚಿತ್ರಗಳಲ್ಲಿ ನೀವು ಕಾಣುವ ಆ ದಪ್ಪ ಟೋಪಿಯ ಹೆಸರಿನಲ್ಲಿರುವ 'ಸೋಲಾ' ಇಂಗ್ಲಿಷಿನ ಸೂರ್ಯವಾಚಕ ಪದವಲ್ಲ. ಜೌಗುನೆಲದಲ್ಲಿ ಬೆಳೆಯುವ ಒಂದು ಗಿಡದ ಹೆಸರದು. ಅದರ ಹಗುರವಾದ ಬೆಂಡಿನಿಂದಲೇ ಟೋಪಿ ಮಾಡುತ್ತಿದ್ದರು. 1905ರಲ್ಲಿ ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್ ಈ ಭೀತಿಯನ್ನೇ ಒಂದು ದೊಡ್ಡ ಗ್ರಂಥವಾಗಿಸಿದರು. ಅದರ ಪ್ರಭಾವದಿಂದ ಫಿಲಿಪೈನ್ಸಿನಲ್ಲಿದ್ದ ಅಮೆರಿಕದ ಸೈನಿಕರಿಗೆ ಕಿತ್ತಳೆಗೆಂಪು ಬಣ್ಣದ ಒಳಉಡುಪು ತೊಡಿಸಿ ಪರೀಕ್ಷೆಯನ್ನೂ ನಡೆಸಲಾಯಿತು. ಪ್ರಯೋಜನವೇನೂ ಕಾಣಲಿಲ್ಲವೆಂದು 1910ರಲ್ಲಿ ವರದಿ ಬಂತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಸೋಲಾ ಟೋಪಿಯ ಭಯಭಕ್ತಿಯೂ ಕರಗಿತು.

ಇಲ್ಲಿ ಎರಡು ಸಂಗತಿಗಳಿವೆ. ತಲೆಬುರುಡೆ ಬೆನ್ನುಹುರಿಗಳ ಸಿದ್ಧಾಂತ ತಪ್ಪಾಗಿತ್ತು. ಆದರೆ ಅಗಲವಾದ ಅಂಚಿನ ಟೋಪಿಯು ಮುಖಕ್ಕೂ ಕಿವಿಗೂ ಕತ್ತಿಗೂ ನೆರಳು ಕೊಡುತ್ತಿದ್ದುದು ಸುಳ್ಳಲ್ಲ. ಇನ್ನೊಂದು ಸಂಗತಿ, ಆ ನೆರಳು ದರ್ಜೆಗೆ ತಕ್ಕಂತೆ ಹಂಚಿಕೆಯಾಗುತ್ತಿತ್ತು. ಸಾಹೇಬನ ತಲೆಯ ಮೇಲೆ ಟೋಪಿ. ಅದೇ ಬಿಸಿಲಿನಲ್ಲಿ ರೈಲುಹಳಿ ಹಾಕುವ, ಕಾಲುವೆ ತೋಡುವ ಕೂಲಿಗೆ ಅವನದೇ ಹಳೆಯ ಪಂಚೆಯ ತುಂಡು. 'ದೇಶೀಯರಿಗೆ ಬಿಸಿಲು ತಾಗದು' ಎಂಬ ನಂಬಿಕೆ ಆಳುವವರಿಗೆ ಅನುಕೂಲವಾಗಿಯೂ ಇತ್ತು. ನಮ್ಮ ಜನ ಯಾರ ಸಿದ್ಧಾಂತಕ್ಕೂ ಕಾಯದೆ ತಮಗೆ ಬೇಕಾದುದನ್ನು ತಾವೇ ಮಾಡಿಕೊಂಡರು. ಕರಾವಳಿಯ ಮುಟ್ಟಾಳೆ, ಮಲೆನಾಡಿನ ಹಾಳೆಟೋಪಿ, ಕುರಿಗಾಹಿಗಳ ಕಂಬಳಿ ಕೊಪ್ಪೆ, ಬಯಲುಸೀಮೆಯ ರುಮಾಲು, ಹೆಂಗಸರು ತಲೆತುಂಬ ಹೊದ್ದ ಸೆರಗು, ಇವೆಲ್ಲ ಆ ಜಾಣ್ಮೆಯ ಕುರುಹುಗಳು.

ಇತ್ತ ಪ್ರಯೋಗಶಾಲೆಗಳಲ್ಲಿ ಸಂಶಯಕ್ಕೆ ಎಡೆಯಿಲ್ಲದಂತಾಯಿತು. 1928ರಲ್ಲಿ ಜಾರ್ಜ್ ಫಿಂಡ್ಲೇ ಎಂಬುವರು ಲಂಡನ್ನಿನಲ್ಲಿ ಇಲಿಗಳ ಮೇಲೆ ನೇರಳಾತೀತ ಕಿರಣ ಬಿಟ್ಟು ಕ್ಯಾನ್ಸರ್ ಉಂಟಾಗುವುದನ್ನು ತೋರಿಸಿದರು. 1930ರ ದಶಕದಲ್ಲಿ ಅರ್ಜೆಂಟೀನಾದ ಆಂಜೆಲ್ ರೋಫೋ ಅವರು ಸೂರ್ಯನ ಬಿಸಿಲಿನಿಂದಲೇ ಅದನ್ನು ಸಾಧಿಸಿದರು. ಗಾಜಿನ ಹಿಂದೆ ಇಟ್ಟ ಪ್ರಾಣಿಗಳಿಗೆ ರೋಗ ಬರಲಿಲ್ಲ. ಆದರೆ ವಿಪರ್ಯಾಸವನ್ನು ನೋಡಿ. ಅದೇ ವರ್ಷಗಳಲ್ಲಿ ಯೂರೋಪಿನ ಶ್ರೀಮಂತರಿಗೆ ಬಿಸಿಲಿಗೆ ಮೈಯೊಡ್ಡಿ ಕಂದುಬಣ್ಣ ಬರಿಸಿಕೊಳ್ಳುವ ಹೊಸ ಹುಚ್ಚು ಹತ್ತಿತ್ತು. ಮೊದಲು ಕಂದುಬಣ್ಣವೆಂದರೆ ಹೊಲದಲ್ಲಿ ದುಡಿಯುವವರ ಗುರುತು; ಕೆಲಸವೆಲ್ಲ ಕಾರ್ಖಾನೆ ಕಚೇರಿಗಳೊಳಗೆ ಸೇರಿದ ಮೇಲೆ ಅದು ಬಿಡುವಿರುವವರ ಗುರುತಾಯಿತು. 1935ರಲ್ಲಿ ಫ್ರಾನ್ಸಿನ ಲೋರಿಯಾಲ್ ಕಂಪನಿ ಕಡಲತೀರದವರಿಗಾಗಿ ಬಿಸಿಲಿನ ಎಣ್ಣೆಯೊಂದನ್ನು ಮಾರುಕಟ್ಟೆಗೆ ತಂದಿತು. ಮರುವರ್ಷವೇ ಆ ದೇಶದ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕಾನೂನಾಯಿತು, ಎಣ್ಣೆಯ ವ್ಯಾಪಾರವೂ ಕುದುರಿತು. ದ್ಯೂಬ್ರೈ ಅವರು ದ್ರಾಕ್ಷಿತೋಟದ ಆಳುಗಳ ಬಗ್ಗೆ ಬರೆದ ನಾಡಿನಲ್ಲಿಯೇ ಬಿಸಿಲಿನ ಸೀಸೆ ಹೋಗಿ ಸೇರಿದ್ದು ರಜೆಗೆ ಹೊರಟವರ ಕೈಚೀಲಕ್ಕೆ.

ಈ ಕಥೆಗೆ ತಿರುವು ಕೊಟ್ಟ ದೇಶ ಆಸ್ಟ್ರೇಲಿಯಾ. ಅಲ್ಲಿಯ ಮೂಲನಿವಾಸಿಗಳ ಕಪ್ಪು ಚರ್ಮಕ್ಕೂ ಆ ನೆಲದ ಬಿಸಿಲಿಗೂ ಸಾವಿರಾರು ವರ್ಷಗಳ ಹೊಂದಾಣಿಕೆಯಿತ್ತು. ಮೋಡದ ನಾಡಾದ ಬ್ರಿಟನ್, ಐರ್ಲೆಂಡುಗಳಿಂದ ಹೋಗಿ ನೆಲೆಸಿದ ಬಿಳಿಯರಿಗೆ ಅದಿರಲಿಲ್ಲ. ಪರಿಣಾಮವಾಗಿ, 70 ವರ್ಷ ತುಂಬುವಷ್ಟರಲ್ಲಿ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುವ ದೇಶವೆಂದು ಆಸ್ಟ್ರೇಲಿಯಾ ಹೆಸರಾಯಿತು. 1981ರಲ್ಲಿ ವಿಕ್ಟೋರಿಯಾ ಪ್ರಾಂತದ ಕ್ಯಾನ್ಸರ್ ಮಂಡಳಿಯು 'ಸ್ಲಿಪ್, ಸ್ಲಾಪ್, ಸ್ಲ್ಯಾಪ್' ಎಂಬ ಪ್ರಚಾರವನ್ನು ಆರಂಭಿಸಿತು. ಸಿಡ್ ಎಂಬ ಕಡಲಹಕ್ಕಿ ದೂರದರ್ಶನದಲ್ಲಿ ಕುಣಿಯುತ್ತ, ಅಂಗಿ ತೊಡಬೇಕು, ಮುಲಾಮು ಹಚ್ಚಬೇಕು, ಟೋಪಿ ಇಡಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟಿತು. ನೆರಳು ಹುಡುಕುವುದು, ಕನ್ನಡಕ ಧರಿಸುವುದು ಎಂಬ ಇನ್ನೆರಡು ಮಾತುಗಳು 2007ರಲ್ಲಿ ಸೇರಿಕೊಂಡವು. ಮುಲಾಮು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಕ್ವೀನ್ಸ್‌ಲ್ಯಾಂಡಿನ ನ್ಯಾಂಬರ್ ಪಟ್ಟಣದಲ್ಲಿ ಉತ್ತರ ಸಿಕ್ಕಿತು. 1992ರಿಂದ 1996ರವರೆಗೆ ಅಲ್ಲಿಯ 1,621 ನಿವಾಸಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಪ್ರತಿನಿತ್ಯ ಮುಲಾಮು ಹಚ್ಚಿಕೊಂಡವರಲ್ಲಿ ಒಂದು ಮುಖ್ಯ ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇಕಡ 40ರಷ್ಟು ಕಡಿಮೆಯಾಯಿತು.

ಆಸ್ಟ್ರೇಲಿಯಾದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನನ್ನ ವಿದ್ಯಾರ್ಥಿಗಳಿಗೆ ಅಲ್ಲಿಯ ಶಾಲೆಗಳ ನಿಯಮ ಗೊತ್ತೇ ಇದೆ; ಟೋಪಿ ಇಲ್ಲದಿದ್ದರೆ ಆಟವಿಲ್ಲ. ಹಿಂಭಾಗದಲ್ಲಿ ಕತ್ತಿನ ಮೇಲೆ ಬಟ್ಟೆ ಇಳಿಬಿದ್ದ ಒಂದು ಬಗೆಯ ಟೋಪಿಯನ್ನು ನಿಮ್ಮ ಮಕ್ಕಳು ಧರಿಸಿರಬಹುದು. ಅಂಥ ಬಟ್ಟೆಗೆ ಇಂಗ್ಲಿಷಿನಲ್ಲಿ ಹ್ಯಾವ್ಲಾಕ್ ಎಂಬ ಹೆಸರಿದೆ. 1857ರ ನಮ್ಮ ಸ್ವಾತಂತ್ರ್ಯ ಸಂಗ್ರಾಮವನ್ನು ಹತ್ತಿಕ್ಕಲು ಕಾನ್ಪುರ, ಲಖನೌಗಳತ್ತ ದಂಡೆತ್ತಿ ಹೋದ ಹೆನ್ರಿ ಹ್ಯಾವ್ಲಾಕನ ಹೆಸರು ಅದು. ಹತ್ತನೆಯ ತರಗತಿಯಲ್ಲಿ ನೀವು ಬಾಯಿಪಾಠ ಮಾಡಿದ ಯುದ್ಧ ಹೀಗೆ ನಿಮ್ಮ ಮಗುವಿನ ಕತ್ತಿನ ಹಿಂದೆ ಬಂದು ಕುಳಿತಿದೆ!

ಮಕ್ಕಳಿಗೆ ಟೋಪಿ ಬಂತು. ದುಡಿಯುವವರ ಗತಿ? 1992ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸೂರ್ಯನ ವಿಕಿರಣವನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಅಂದರೆ ಕಲ್ನಾರು, ತಂಬಾಕುಗಳಿಗೆ ಹಾಕಿದ ಪಂಕ್ತಿಯಲ್ಲಿಯೇ ಬಿಸಿಲಿಗೂ ಎಲೆ ಹಾಕಿದಂತಾಯಿತು. ಅನಂತರ ಯೂರೋಪಿಯನ್ ಒಕ್ಕೂಟದಲ್ಲಿ, ಹಾನಿಕರ ಬೆಳಕಿನಿಂದ ಕಾರ್ಮಿಕರನ್ನು ರಕ್ಷಿಸುವ ಕಾನೂನೊಂದು ಸಿದ್ಧವಾಗುತ್ತಿದ್ದಾಗ ಸೂರ್ಯನ ಬೆಳಕೂ ಕರಡಿನಲ್ಲಿತ್ತು. 2005ರಲ್ಲಿ ಭಾರಿ ಗದ್ದಲವೆದ್ದಿತು. ಬವೇರಿಯಾದ ಬಿಯರ್ ತೋಟಗಳಲ್ಲಿ ಕೆಲಸ ಮಾಡುವ ಹೆಂಗಸರ ಸಾಂಪ್ರದಾಯಿಕ ಉಡುಪಿಗೆ ನಿಷೇಧ ಬರುತ್ತದೆಂದು ಪತ್ರಿಕೆಗಳು ಗೇಲಿ ಮಾಡಿದವು. ಕಡೆಗೆ ಸೂರ್ಯನನ್ನು ಕೈಬಿಟ್ಟು, ಕೃತಕ ಬೆಳಕಿಗೆ ಮಾತ್ರ ಅನ್ವಯಿಸುವ ಕಾನೂನು 2006ರಲ್ಲಿ ಬಂತು. ಹೀಗೆ ಕಾರ್ಖಾನೆಯ ದೀಪದಿಂದ ಆಳನ್ನು ಕಾಯುವುದು ಆ ಕಾನೂನಿನ ಪ್ರಕಾರ ಮಾಲೀಕನ ಹೊಣೆಯಾಯಿತು; ಆಕಾಶದ ದೀಪದ ಮಾತು ಅದರಲ್ಲಿ ಬರಲೇ ಇಲ್ಲ.

ಜರ್ಮನಿ ಮಾತ್ರ 2015ರ ಜನವರಿ 1ರಿಂದ, ಬಿಸಿಲಿನ ದುಡಿಮೆಯಿಂದ ಬರುವ ಒಂದು ಬಗೆಯ ಚರ್ಮದ ಕ್ಯಾನ್ಸರನ್ನೂ ಅದಕ್ಕೆ ಮುಂಚಿನ ಹಲವಾರು ಒರಟು ಕಲೆಗಳನ್ನೂ ಉದ್ಯೋಗಜನ್ಯ ರೋಗವೆಂದು ಅಂಗೀಕರಿಸಿತು. ಉನ್ನಾ ಅವರು ಹ್ಯಾಂಬರ್ಗಿನಲ್ಲಿ ನಾವಿಕರ ಚರ್ಮವನ್ನು ವರ್ಣಿಸಿ 121 ವರ್ಷಗಳಾದ ಮೇಲೆ ಅವರ ದೇಶದಲ್ಲಿ ಬಂದ ಮಾನ್ಯತೆ ಇದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಗೂಡಿ ಜಗತ್ತಿನ ಲೆಕ್ಕವನ್ನು ಮುಂದಿಟ್ಟವು. 2019ರಲ್ಲಿ ಸುಮಾರು 160 ಕೋಟಿ ಜನ, ಅಂದರೆ ದುಡಿಯುವ ವಯಸ್ಸಿನವರಲ್ಲಿ ಶೇಕಡ 28ರಷ್ಟು ಮಂದಿ, ಹೊರಗಿನ ಕೆಲಸದಲ್ಲಿ ಈ ಕಿರಣಗಳಿಗೆ ಒಡ್ಡಿಕೊಂಡಿದ್ದರು. ಮೆಲನೋಮ ಎಂಬ ಬಗೆಯನ್ನು ಹೊರತುಪಡಿಸಿ ಉಳಿದ ಚರ್ಮದ ಕ್ಯಾನ್ಸರುಗಳಿಂದ ಸತ್ತವರಲ್ಲಿ ಮೂವರಿಗೆ ಒಬ್ಬರಂತೆ, ಸುಮಾರು 19,000 ಮಂದಿಯ ಸಾವಿಗೆ ಬಿಸಿಲಿನ ದುಡಿಮೆಯೇ ಕಾರಣವೆಂದು ಆ ಸಂಸ್ಥೆಗಳು ಅಂದಾಜು ಮಾಡಿದವು.

'ಮೇಷ್ಟ್ರೇ, ಇದೆಲ್ಲ ಬಿಳಿಯರ ಕಾಯಿಲೆಯಲ್ಲವೇ?' ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳುವಿರಿ. ನ್ಯಾಯವಾದ ಪ್ರಶ್ನೆ. ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣದ ದ್ರವ್ಯವು, ಹೋಮ್ ಅವರ ಕಪ್ಪು ಬಟ್ಟೆಯಂತೆಯೇ, ಕಿರಣಗಳನ್ನು ತಡೆಯುತ್ತದೆ. ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ವಿರಳ. ಬಂದಾಗಲೂ ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ, ಅಂಗಾಲಿನಲ್ಲಿ, ಹೀಗೆ ಬಿಸಿಲಿಗೆ ನೇರ ಸಂಬಂಧವಿಲ್ಲದ ಕಡೆ ಕಾಣಿಸಿಕೊಳ್ಳುವುದುಂಟು. ಆದುದರಿಂದ ಆಸ್ಟ್ರೇಲಿಯಾದ ಭಯವನ್ನು ಇದ್ದಂತೆಯೇ ಆಮದು ಮಾಡಿಕೊಳ್ಳುವ ಅಗತ್ಯ ನಮಗಿಲ್ಲ. ಆದರೆ ಮೆಲನಿನ್ ಇರುವುದು ಚರ್ಮಕ್ಕೆ. ಅದು ಕಣ್ಣಿನ ಮಸೂರವನ್ನು ಕಾಯದು. ದೀರ್ಘಕಾಲದ ಬಿಸಿಲು ಕಣ್ಣಿನ ಪೊರೆಗೂ, ಕಣ್ಣಿನ ಬಿಳಿಯ ಮೇಲೆ ಮಾಂಸ ಬೆಳೆಯುವುದಕ್ಕೂ ಒಂದು ಕಾರಣ. ಬಿಸಿಲಿನ ಶಾಖದಿಂದಾಗುವ ಬಳಲಿಕೆ, ಮೂತ್ರಪಿಂಡದ ತೊಂದರೆಗಳಿಂದಲೂ ಕಪ್ಪು ಚರ್ಮ ಯಾರನ್ನೂ ರಕ್ಷಿಸದು.

ಇನ್ನು ಮೆಲನಿನ್ನೇ ಇಲ್ಲದೆ ಹುಟ್ಟುವವರೂ ನಮ್ಮ ನಡುವೆ ಇದ್ದಾರೆ. ನಾನು ಪಾಠ ಹೇಳಿದ ಶಾಲೆಯೊಂದರಲ್ಲಿ ಅಂಥ ಒಬ್ಬ ಹುಡುಗನಿದ್ದನು. ಬೆಳ್ಳಗಿನ ಕೂದಲು, ಬೆಳಕು ಕಂಡರೆ ಕಿರಿದಾಗುವ ಕಣ್ಣು. ಅವನ ತಾಯಿ ಕೂಲಿಗೆ ಹೋಗುತ್ತಿದ್ದವರು. ಸಮವಸ್ತ್ರದ ಅಂಗಿಗೆ ಮಣಿಕಟ್ಟಿನವರೆಗೆ ತೋಳು ಹೊಲಿದು, ತಲೆಗೊಂದು ದಪ್ಪ ಟವೆಲು ಕೊಟ್ಟು ಕಳುಹಿಸುತ್ತಿದ್ದರು. ಯಾವ ವೈದ್ಯರೂ ಹೇಳಿಕೊಟ್ಟದ್ದಲ್ಲ. ಮಗನ ಕತ್ತು ಕೆಂಪಾಗುವುದನ್ನು ನೋಡಿ ತಾವೇ ಕಂಡುಕೊಂಡದ್ದು. ಕವಾಯತಿನ ಅವಧಿಯಲ್ಲಿ ಅವನನ್ನು ಬೇವಿನ ಮರದಡಿ ಕೂರಿಸಿ ಆಟದ ಅಂಕ ಬರೆಯುವ ಕೆಲಸ ಕೊಡುತ್ತಿದ್ದೆವು. ಒಂದು ದಿನ ಆ ತಾಯಿ ಬಂದು, "ಮೇಷ್ಟ್ರೇ, ಇವನಿಗೆ ನೆರಳಲ್ಲಿ ಮಾಡೋ ಕೆಲಸ ಸಿಗೋ ಹಾಗೆ ಓದ್ಸಿ. ಹೊಲದ ಕೆಲಸ ಇವನ ಕೈಲಿ ಆಗಾಕಿಲ್ಲ" ಎಂದರು. ಮೂರು ದಶಕಗಳ ವೃತ್ತಿಯಲ್ಲಿ ವಿದ್ಯೆಯ ಉದ್ದೇಶವನ್ನು ಕುರಿತು ನಾನು ಕೇಳಿದ ಭಾಷಣಗಳು ಅನೇಕ. ಆ ತಾಯಿಯ ಮಾತಿನಷ್ಟು ಸ್ಪಷ್ಟವಾದುದು ಇನ್ನೊಂದಿಲ್ಲ. ಇಂಥವರಿಗೆ ಬಿಸಿಲೆಂದರೆ ನಿಜವಾಗಿಯೂ ಜೀವನ್ಮರಣದ ಪ್ರಶ್ನೆ. ಅವರ ಸ್ಥಿತಿಯತ್ತ ಗಮನ ಸೆಳೆಯಲು 2015ರಿಂದ ಜೂನ್ 13ನ್ನು ವಿಶ್ವಸಂಸ್ಥೆ ಆಚರಿಸುತ್ತ ಬಂದಿದೆ.

ನೆರಳಿನ ಕೆಲಸ ಎಲ್ಲರಿಗೂ ದೊರೆಯದು. ಮನೆ ಕಟ್ಟುವವರು, ಡಾಂಬರು ಹಾಕುವವರು, ನಾಟಿ ಮಾಡುವವರು, ಬೀದಿ ಗುಡಿಸುವವರು ಬೇಕೇ ಬೇಕು. ಆದರೆ ಕೆಲಸಕ್ಕೆ ನೆರಳನ್ನು ತರಬಹುದು, ವೇಳೆಯನ್ನು ಬದಲಿಸಬಹುದು. ಕಲಬುರಗಿ ಭಾಗದ ಜಿಲ್ಲೆಗಳಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುವ ಪದ್ಧತಿ ಹಿಂದಿನಿಂದ ಬಂದಿದೆ. ಫ್ಯಾನಿನ ಕೆಳಗಿರುವವರಿಗೆ ಸಲ್ಲುವ ಈ ವಿವೇಕ ಬಯಲಿನಲ್ಲಿರುವವರಿಗೂ ಸಲ್ಲಬೇಕು. ನಮ್ಮ ಕರಾವಳಿಯ ಎಷ್ಟೋ ಮಂದಿ ದುಡಿಯುವ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಹಗಲಿನ ಬಯಲು ಕೆಲಸಕ್ಕೆ ನಿಷೇಧವಿದೆ. ಕತಾರ್ ದೇಶವು 2021ರಲ್ಲಿ ಅದನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ವಿಸ್ತರಿಸಿತು. ಶಾಖಕ್ಕಾಗಿ ಮಾಡಿದ ನಿಯಮಗಳಾದರೂ ನೇರಳಾತೀತ ಕಿರಣಗಳು ಅತಿ ಪ್ರಬಲವಾಗಿರುವುದೂ ಅದೇ ಹೊತ್ತಿನಲ್ಲಿಯೇ.

ಕಡೆಯದಾಗಿ ಮೇಷ್ಟರ ಅಭ್ಯಾಸದಂತೆ ಕೆಲವು ಮನೆಪಾಠಗಳು. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದರೆ ಕಿರಣಗಳು ಪ್ರಬಲವಾಗಿವೆಯೆಂದು ತಿಳಿಯಿರಿ. ಇದಕ್ಕೆ ಯಾವ ಯಂತ್ರವೂ ಬೇಡ. ಒತ್ತಾಗಿ ನೇಯ್ದ, ಗಾಢಬಣ್ಣದ, ಸಡಿಲವಾದ ತುಂಬುತೋಳಿನ ಬಟ್ಟೆ ತೆಳ್ಳನೆಯ ಬಿಳಿ ಬಟ್ಟೆಗಿಂತ ಹೆಚ್ಚು ಕಾಯುತ್ತದೆ. ಸುತ್ತಲೂ ಅಂಚಿರುವ ಟೋಪಿಯೇ ಉತ್ತಮ. ಮುಂದೆ ಮಾತ್ರ ಅಂಚಿರುವ ಕ್ರಿಕೆಟ್ ಟೋಪಿ ಕಿವಿ ಕತ್ತುಗಳನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಯಾವುದೇ ಹುಣ್ಣು ತಿಂಗಳಾದರೂ ಮಾಯದಿದ್ದರೆ, ಮಚ್ಚೆಯ ಆಕಾರ ಅಥವಾ ಬಣ್ಣ ಬದಲಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬೇಗ ಕಂಡುಹಿಡಿದರೆ ಚರ್ಮದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಸಂಪೂರ್ಣ ಗುಣವಾಗುವಂಥವು.

ನಿಮ್ಮ ಕೈಕೆಳಗೆ ಹತ್ತು ಜನ ಬಿಸಿಲಿನಲ್ಲಿ ದುಡಿಯುತ್ತಿದ್ದರೆ, ಈ ಬೇಸಿಗೆಯಲ್ಲಿ ಅವರಿಗೊಂದು ಚಪ್ಪರ ಹಾಕಿಸಿ, ಕುಡಿಯಲು ನೀರಿಡಿಸಿ, ಹನ್ನೆರಡರಿಂದ ಮೂರರವರೆಗೆ ಕೆಲಸ ನಿಲ್ಲಿಸಿ. ಹಾಗೆ ನಿಲ್ಲಿಸಿದ ಹೊತ್ತಿನ ಕೂಲಿಯನ್ನು ಮುರಿದುಕೊಳ್ಳಬೇಡಿ. ಮಾಡಿದ ಮೇಲೆ ನನಗೊಂದು ಸಾಲು ಬರೆದು ತಿಳಿಸಿದರೆ, ನೀವು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಾಗ ಆದಷ್ಟೇ ಸಂತೋಷವಾಗುತ್ತದೆ. ಎಲ್ಲರಿಗೂ ಶುಭವಾಗಲಿ.